ಬೆಲ್ಲದ ಕೊಪ್ಪರಿಗೆಯಲ್ಲಿ ಬೆಂಡೆ ಲೋಳೆಗೆ ಏನು ಕೆಲಸ?

ಮಂಡ್ಯದ ಬೆಲ್ಲ ಅಂದರೆ ಈಗ ಬಣ್ಣದ ಜಗಳ. ಕಪ್ಪಗಿದ್ದರೆ ಒಳ್ಳೆಯದು, ಹಳದಿ ಇದ್ದರೆ ಕೆಮಿಕಲ್ ಎಂದು ಸುಮ್ನೆ ತೀರ್ಪು ಕೊಡುತ್ತೇವೆ. ಆದರೆ ಕೊಳೆ ತೆಗೆಯುವುದು ಬೇರೆ, ಬಣ್ಣ ತೆಗೆಯುವುದು ಬೇರೆ.

ಕನ್ನಂಬಾಡಿ ಕಟ್ಟೆಯ ನೀರು ಬಂತು, ಕಬ್ಬು ಹೆಚ್ಚಿತು, 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಂಪನಿಯೂ ಬಂತು. ಆಲೆಮನೆಗಳು ಮಾತ್ರ ಬೆಂಡೆಯನ್ನೇ ನಂಬಿದ್ದವು. ಗಿಡ ಜಜ್ಜಿ, ನೀರಲ್ಲಿ ನೆನೆಸಿ, ಹಿಂಡಿದ ಲೋಳೆಯನ್ನು ಕಾಯುವ ಕಬ್ಬಿನ ಹಾಲಿಗೆ ಸುರಿದರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತಿತ್ತು.

ಯಾಕೆ ಬರುತ್ತದೆ? ಲೋಳೆಯಲ್ಲಿರುವುದು ಉದ್ದುದ್ದ ಸಕ್ಕರೆ ಸರಪಳಿಗಳು, ಅಂದರೆ ಪಾಲಿಮರ್. ಇಂಥ ದೈತ್ಯ ಅಣುಗಳು ಇವೆ ಎಂದು ಜರ್ಮನಿಯ ರಸಾಯನ ವಿಜ್ಞಾನಿ ಸ್ಟೌಡಿಂಗರ್ 1920ರಲ್ಲಿ ಹೇಳಿದಾಗ ಬಹಳ ಜನ ಒಪ್ಪಲಿಲ್ಲ. 1953ರಲ್ಲಿ ಅವರಿಗೆ ನೊಬೆಲ್ ಬಂತು. 1979ರಲ್ಲಿ ನೆದರ್‌ಲೆಂಡ್ಸ್‌ನ ಶೂಟ್ಯೆನ್ಸ್ ಮತ್ತು ಫ್ಲೇರ್, ಸರಪಳಿ ಕಣದ ಮೇಲೆ ಹೇಗೆ ಕೂರುತ್ತದೆ ಎಂದು ಲೆಕ್ಕ ಹಾಕಿದರು. ಒಂದಷ್ಟು ಭಾಗ ಮೈಗೆ ಅಂಟಿರುತ್ತದೆ, ಒಂದಷ್ಟು ಕುಣಿಕೆಯಾಗಿ ಎದ್ದಿರುತ್ತದೆ, ತುದಿಗಳು ಬಾಲದಂತೆ ಚಾಚಿರುತ್ತವೆ. ಆ ಬಾಲ, ಕುಣಿಕೆ ಪಕ್ಕದ ಕಣವನ್ನೂ ಹಿಡಿದರೆ ಕೊಳೆ ಗಡ್ಡೆಕಟ್ಟುತ್ತದೆ.

ಒಂದೊಂದು ಹಿಡಿತವೂ ಬಲಹೀನ. ಆದರೆ ಜರಿಹುಳುವಿನ ಹಾಗೆ, ಒಂದು ಕಾಲು ಬಿಟ್ಟರೂ ಉಳಿದವು ಹಿಡಿದೇ ಇರುತ್ತವೆ. ಎಲ್ಲವೂ ಒಟ್ಟಿಗೆ ಬಿಡಬೇಕು, ಅದು ತೀರಾ ಅಪರೂಪ. ಹಾಗಾಗಿ ಬರೀ ನೀರು ಹೊಯ್ದರೆ ಸರಪಳಿ ಸುಲಭಕ್ಕೆ ಕಳಚುವುದಿಲ್ಲ. ರಸದ ಹುಳಿತನ ಬದಲಾಗಬೇಕು, ಇಲ್ಲವೇ ಇನ್ನೂ ಗಟ್ಟಿಯಾಗಿ ಅಂಟುವ ಅಣು ಬಂದು ಜಾಗ ಕಸಿಯಬೇಕು. ಲೋಳೆ ಜಾಸ್ತಿಯಾದರೂ ಕೆಲಸ ಕೆಡುತ್ತದೆ: ಪ್ರತಿ ಕಣದ ಮೈಯೂ ತುಂಬಿಹೋದರೆ ಸೇತುವೆ ಕಟ್ಟಲು ಖಾಲಿ ಜಾಗವೇ ಇರುವುದಿಲ್ಲ. ಎಷ್ಟು ಲೋಳೆ ಸಾಕು ಎಂಬುದು ಬೆಲ್ಲ ಬೇಯಿಸುವವರ ಕೈಗೆ ಗೊತ್ತಿತ್ತು.

ಸಕ್ಕರೆ ಕಾರ್ಖಾನೆಗಳು ಇದೇ ಕೆಲಸಕ್ಕೆ ಸುಣ್ಣದ ಜೊತೆ ಪಾಲಿಅಕ್ರಿಲಮೈಡ್ ಎಂಬ ಕೃತಕ ಸರಪಳಿಯನ್ನು ಬಳಸುತ್ತವೆ. ಹೆಸರು ಕೇಳಿ ಹೆದರುವವರಿದ್ದಾರೆ. ವಿಷದ ಪ್ರಶ್ನೆ ಇರುವುದು ಸರಪಳಿಯಾಗದೆ ಉಳಿದ ಬಿಡಿ ಅಕ್ರಿಲಮೈಡ್‌ನದು, ಅದಕ್ಕೇ ಅದರ ಪ್ರಮಾಣಕ್ಕೆ ಮಿತಿ ಹಾಕುತ್ತಾರೆ.

ಆಲೆಮನೆಗೆ ಬಂದ ಹೈಡ್ರೋಸ್, ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್ ಎಂಬ ಬಣ್ಣ ತೆಗೆಯುವ ಪುಡಿಯ ಕಥೆಯೇ ಬೇರೆ. ಅದು ಸರಪಳಿಯಲ್ಲ, ಕೊಳೆಯನ್ನು ಹಿಡಿಯುವುದೂ ಇಲ್ಲ. ಬಣ್ಣವನ್ನಷ್ಟೇ ಅಳಿಸುತ್ತದೆ, ಗಂಧಕದ ಅಂಶ ಉಳಿಸುತ್ತದೆ. ಬೆಂಡೆ ಗಿಡ ಹುಡುಕಿ ಜಜ್ಜುವುದಕ್ಕಿಂತ ಒಂದು ಹಿಡಿ ಪುಡಿ ಎರಚುವುದು ಸುಲಭ, ಕೊಳ್ಳುವವರು ಮೊದಲು ನೋಡುವುದೂ ಬಣ್ಣವನ್ನೇ ಅಲ್ವಾ? ತಮಾಷೆ ಅಂದರೆ, ಗಾಳಿ ತಾಗಿದಂತೆ ಆ ಬೆಲ್ಲ ನಿಧಾನಕ್ಕೆ ಮತ್ತೆ ಕಪ್ಪಾಗುತ್ತದೆ.