ಬೆಕ್ಕಿನ ಚೆಲ್ಲಾಟಕ್ಕೂ ಒಂದು ದರ

2006ರ ಮಳೆಗಾಲ. ಶಿವಮೊಗ್ಗದ ದುರ್ಗಿಗುಡಿಯ ಸೈಬರ್ ಸೆಂಟರೊಂದರಲ್ಲಿ ಗಂಟೆಗೆ ಹದಿನೈದು ರೂಪಾಯಿ ಕೊಟ್ಟು ‘ರೂನ್‌ಸ್ಕೇಪ್’ ಎಂಬ ಆನ್‌ಲೈನ್ ಗೇಮ್ ಆಡುತ್ತಿದ್ದೆ. ಅಮೆರಿಕದಲ್ಲಿದ್ದ ಸೋದರತ್ತೆಯ ಮಗ ಮೂರು ತಿಂಗಳ ಚಂದಾ ಕಟ್ಟಿಕೊಟ್ಟಿದ್ದ. ಅದು ಮುಗಿಯುವುದರೊಳಗೆ ಆ ಲೋಕದಲ್ಲಿ ಶ್ರೀಮಂತನಾಗಬೇಕು ಅನ್ನುವುದು ನನ್ನ ಹಟ. ಅಲ್ಲಿ ಉತ್ತರಕ್ಕೆ ‘ವೈಲ್ಡರ್‌ನೆಸ್’ ಅಂತ ಒಂದು ಬರಡು ನೆಲ, ಅದರಲ್ಲಿ ಹಸಿರು ಡ್ರ್ಯಾಗನ್‌ಗಳು. ಕೊಂದರೆ ಮೂಳೆ, ಚರ್ಮ ಸಿಗುತ್ತಿತ್ತು, ಎರಡಕ್ಕೂ ಒಳ್ಳೇ ಬೆಲೆ. ತೊಂದರೆ ಏನೆಂದರೆ, ವೈಲ್ಡರ್‌ನೆಸ್‌ನಲ್ಲಿ ಡ್ರ್ಯಾಗನ್‌ಗಿಂತ ಮೊದಲು ಇನ್ನೊಬ್ಬ ಆಟಗಾರನೇ ನಿಮ್ಮನ್ನು ಮುಗಿಸಬಹುದು.

ಮುಗಿಸಿದ. ಚೀಲದ 28 ಖಾನೆಗಳಲ್ಲಿ 26 ತುಂಬಿದ್ದವು, ಊರ ಕಡೆ ಹೊರಟಿದ್ದೆ. ತಲೆಯ ಮೇಲೆ ಬಿಳಿ ಬುರುಡೆಯ ಗುರುತು ಹೊತ್ತ ಒಬ್ಬ ಎಲ್ಲಿಂದಲೋ ಬಂದು ಹತ್ತೇ ಸೆಕೆಂಡಿನಲ್ಲಿ ನನ್ನನ್ನು ಕೆಡವಿದ. ಒಂದು ಗಂಟೆಯ ದುಡಿಮೆ ಅವನ ಪಾಲು. ನನಗೆ ಉಳಿದದ್ದು ಮೂರು ವಸ್ತು. ಮೌಸ್ ಹಿಡಿದ ಕೈ ನಡುಗುತ್ತಿತ್ತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರಲ್ಲ, ಅದೇ.

ಆ ಬುರುಡೆಯ ಅರ್ಥ ತಿಳಿದದ್ದು ಆಮೇಲೆ. ಸಾಮಾನ್ಯವಾಗಿ ಸತ್ತವನಿಗೆ ಅವನ ಅತಿ ಬೆಲೆಬಾಳುವ ಮೂರು ವಸ್ತು ಉಳಿಯುತ್ತವೆ. ಆದರೆ ಯಾರು ಮೊದಲು ಕೈ ಎತ್ತುತ್ತಾನೋ ಅವನ ತಲೆಯ ಮೇಲೆ ಇಪ್ಪತ್ತು ನಿಮಿಷ ಬುರುಡೆ ಕೂರುತ್ತದೆ. ಅಷ್ಟರಲ್ಲಿ ಅವನು ಸತ್ತರೆ ಆ ಮೂರೂ ಇಲ್ಲ, ಎಲ್ಲವೂ ಹೋಯಿತು. ಅಂದರೆ ನನ್ನ ಮೂಳೆ ಚರ್ಮಕ್ಕೋಸ್ಕರ ಅವನು ಮೈಮೇಲಿನ ಕವಚವನ್ನೆಲ್ಲ ಪಣಕ್ಕಿಟ್ಟಿದ್ದ. ಬೆಕ್ಕಿನ ಚೆಲ್ಲಾಟಕ್ಕೂ ದರ ಕಟ್ಟಿದ್ದರು. ಆಟಗಾರರೇ ಆಟಗಾರರನ್ನು ಕೊಲ್ಲುವ ‘ಪಿವಿಪಿ’ ಗೇಮ್‌ಗಳ ಕಾಲು ಶತಮಾನದ ಇತಿಹಾಸವೆಲ್ಲ ಈ ದರ ಎಷ್ಟಿರಬೇಕು, ಯಾರು ತೆರಬೇಕು ಎಂಬ ಚೌಕಾಸಿ ಅಂತಲೇ ನನಗನ್ನಿಸುತ್ತದೆ.

ಇಂಥದೇ ಪ್ರಶ್ನೆಯನ್ನು ಜೀವವಿಜ್ಞಾನಿಗಳು ಮೊದಲೇ ಕೈಗೆತ್ತಿಕೊಂಡಿದ್ದರು. ಕೋಡು, ಕೋರೆಹಲ್ಲು ಇರುವ ಪ್ರಾಣಿಗಳು ಹೆಣ್ಣಿಗೋ ಜಾಗಕ್ಕೋ ಜಗಳವಾಡುವಾಗ ಸಾಯುವವರೆಗೆ ಕಾದಾಡುವುದು ಯಾಕೆ ಅಷ್ಟು ಅಪರೂಪ? 1973ರಲ್ಲಿ ಜಾನ್ ಮೇನಾರ್ಡ್ ಸ್ಮಿತ್ ಮತ್ತು ಜಾರ್ಜ್ ಪ್ರೈಸ್ ‘ನೇಚರ್’ ಪತ್ರಿಕೆಯಲ್ಲಿ ಇದಕ್ಕೆ ಗಣಿತದ ಉತ್ತರ ಕೊಟ್ಟರು. ಆ ಆಲೋಚನೆಯ ಸರಳ ರೂಪ ಈಗ ಗಿಡುಗ–ಪಾರಿವಾಳದ ಆಟ ಎಂದು ಪ್ರಸಿದ್ಧ. ಗಿಡುಗ ಯಾವಾಗಲೂ ಕಾದಾಡುತ್ತದೆ. ಪಾರಿವಾಳ ಬರೀ ರೆಕ್ಕೆ ಬಡಿದು ತೋರಿಸುತ್ತದೆ, ಎದುರಿನದು ನಿಜಕ್ಕೂ ಏರಿಬಂದರೆ ಹಾರಿಹೋಗುತ್ತದೆ.

ಲೆಕ್ಕ ಹಾಕಿ ನೋಡೋಣ. ಸಿಗುವ ಮಾಲಿನ ಬೆಲೆ 40, ಕಾದಾಡಿ ಸೋತರೆ ಆಗುವ ಪೆಟ್ಟು 100 ಎಂದಿಟ್ಟುಕೊಳ್ಳಿ. ಗಿಡುಗಕ್ಕೆ ಪಾರಿವಾಳ ಎದುರಾದರೆ ಪೂರ್ತಿ 40 ಲಾಭ. ಎರಡು ಪಾರಿವಾಳ ಸೇರಿದರೆ ತಲಾ 20. ಎರಡು ಗಿಡುಗ ಸೇರಿದರೆ ಅರ್ಧ ಸಲ 40 ಗಳಿಕೆ, ಅರ್ಧ ಸಲ 100 ನಷ್ಟ. ಸರಾಸರಿ 30 ನಷ್ಟ. ಇಂಥ ಊರಲ್ಲಿ ಎಲ್ಲರೂ ಗಿಡುಗಗಳಾದರೆ ಬದುಕಿಲ್ಲ, ಎಲ್ಲರೂ ಪಾರಿವಾಳಗಳಾದರೆ ಮೊದಲ ಗಿಡುಗಕ್ಕೆ ಹಬ್ಬ. ನೂರರಲ್ಲಿ 40 ಗಿಡುಗ, 60 ಪಾರಿವಾಳ ಇದ್ದಾಗ ಎರಡರ ಸರಾಸರಿ ಗಳಿಕೆಯೂ 12 ಆಗಿ ತಕ್ಕಡಿ ನಿಲ್ಲುತ್ತದೆ. ಈಗ ಸೋಲಿನ ಪೆಟ್ಟನ್ನು 100ರಿಂದ 30ಕ್ಕೆ ಇಳಿಸಿ. ಪೆಟ್ಟು ಮಾಲಿನ ಬೆಲೆಗಿಂತ ಕಡಿಮೆ ಆದಕೂಡಲೇ ಪಾರಿವಾಳವಾಗಿರುವುದರಲ್ಲಿ ಅರ್ಥವಿಲ್ಲ. ಇಡೀ ಊರೇ ಗಿಡುಗ. ಆಗ ಒಬ್ಬೊಬ್ಬರ ಗಳಿಕೆ 12 ಅಲ್ಲ, 5. ಪೆಟ್ಟು ಹಗುರವಾಯಿತು, ಬದುಕು ಬಡವಾಯಿತು.

ಈ ಲೆಕ್ಕ ಸಾವಿರಾರು ಮನುಷ್ಯರ ನಡುವೆ ಜೀವ ತಳೆದದ್ದು 1997ರ ಸೆಪ್ಟೆಂಬರಿನಲ್ಲಿ, ‘ಅಲ್ಟಿಮಾ ಆನ್‌ಲೈನ್’ ಬಂದಾಗ. ಅಮೆರಿಕದ ಒರಿಜಿನ್ ಸಿಸ್ಟಮ್ಸ್ ಮಾಡಿದ ಆಟ. ರಿಚರ್ಡ್ ಗ್ಯಾರಿಯಟ್ ಅವರ ಕನಸು, ರಾಫ್ ಕಾಸ್ಟರ್ ಅವರ ವಿನ್ಯಾಸ. ಹುಲ್ಲು ಮೇಯುವ ಪ್ರಾಣಿ, ಅವನ್ನು ತಿನ್ನುವ ಪ್ರಾಣಿ ಅಂತ ಒಂದು ಜೀವಜಾಲವನ್ನೇ ಅವರು ಅದರಲ್ಲಿ ಕಟ್ಟಿದ್ದರು. ಆಟಗಾರರು ಒಳಬಂದವರೇ ಕಣ್ಣಿಗೆ ಬಿದ್ದದ್ದನ್ನೆಲ್ಲ ಕೊಂದು ಹಾಕಿದರು. ಜೀವಜಾಲ ಕೆಲಸ ಮಾಡುತ್ತದೋ ಇಲ್ಲವೋ ಎಂದು ನೋಡುವಷ್ಟು ಹೊತ್ತೂ ಯಾವ ಮೊಲವೂ ಬದುಕಲಿಲ್ಲ. ಆ ವ್ಯವಸ್ಥೆಯನ್ನು ತೆಗೆದುಹಾಕಬೇಕಾಯಿತು. ಆಮೇಲೆ ಮನುಷ್ಯರ ಸರದಿ. ಊರ ಗಡಿ ದಾಟಿದರೆ ಕಾವಲುಗಾರರಿಲ್ಲ, ಸತ್ತರೆ ಹೆಣದ ಮೇಲಿದ್ದುದೆಲ್ಲ ಕೊಂದವನದು. ಅದಿರು ಅಗೆದು ಹೊರಬರುವ ಅಮಾಯಕನಿಗಾಗಿ ಗಣಿಯ ಬಾಯಲ್ಲೇ ಗುಂಪು ಕಾದಿರುತ್ತಿತ್ತು.

ಗಿಡುಗ–ಪಾರಿವಾಳದ ಲೆಕ್ಕ ಇಲ್ಲಿ ಒಂದು ಕಡೆ ತಪ್ಪುತ್ತದೆ. ಆ ಲೆಕ್ಕದಲ್ಲಿ ಯಾರಿಗೆ ಯಾರು ಎದುರಾಗುತ್ತಾರೆ ಎಂಬುದು ಅದೃಷ್ಟ. ಆಟದಲ್ಲಿ ಗಿಡುಗವೇ ಎದುರಾಳಿಯನ್ನು ಆರಿಸಿಕೊಳ್ಳುತ್ತದೆ: ಒಂಟಿ, ಹೊಸಬ, ಚೀಲ ಭಾರವಾದವನು. ಐದು ಜನ ಸೇರಿ ಒಬ್ಬನನ್ನು ಮುತ್ತಿದರೆ ಸೋಲಿನ ಪೆಟ್ಟು ಹೆಚ್ಚುಕಡಿಮೆ ಸೊನ್ನೆ. ಅಲ್ಟಿಮಾದವರು ಐದು ಕೊಲೆ ಮಾಡಿದವನ ಹೆಸರನ್ನು ಕೆಂಪಾಗಿಸಿದರು, ತಲೆಗೆ ಬಹುಮಾನ ಇಟ್ಟರು. ಪ್ರತಿ ನಿಯಮಕ್ಕೂ ಒಂದು ಸಂದು ಸಿಕ್ಕಿತು. ಕೊನೆಗೆ 2000ರಲ್ಲಿ ಲೋಕವನ್ನೇ ಎರಡಾಗಿ ಸೀಳಿದರು: ಹಳೆಯ ನಿಯಮದ ‘ಫೆಲುಕ್ಕಾ’, ಒಪ್ಪಿಗೆ ಇಲ್ಲದೆ ಕೈ ಮಾಡುವಂತಿಲ್ಲದ ‘ಟ್ರಾಮೆಲ್’. ಜನ ಗಂಟುಮೂಟೆ ಕಟ್ಟಿ ಟ್ರಾಮೆಲ್‌ಗೆ ಹೋದರು. ಫೆಲುಕ್ಕಾದಲ್ಲಿ ಉಳಿದ ಗಿಡುಗಗಳಿಗೆ ಉಪವಾಸ. ಅವುಗಳ ಹೊಟ್ಟೆ ತುಂಬಲು ಪಾರಿವಾಳಗಳನ್ನು ವಾಪಸ್ ಕರೆಯಬೇಕಿತ್ತು. ಹಾಗಾಗಿ ಫೆಲುಕ್ಕಾದಲ್ಲಿ ಅದಿರು, ಮರ ಎರಡು ಪಟ್ಟು ಸಿಗುವಂತೆ ಮಾಡಿದರು. ನಾನು ಕಂಡ ಹಸಿರು ಡ್ರ್ಯಾಗನ್‌ಗಳೂ ಅದೇ ಜಾತಿಯ ಹುಲ್ಲು. ಕುರಿ ಬರಲಿ ಎಂದು ತೋಳದ ಗುಹೆಯ ಮುಂದೆ ಬೆಳೆಸಿದ ಹುಲ್ಲು.

ಹುಲ್ಲು ದುಪ್ಪಟ್ಟಾದರೂ ಕುರಿಗಳು ಹಿಂದೆಮುಂದೆ ನೋಡುವುದಕ್ಕೆ ಮನಃಶಾಸ್ತ್ರದಲ್ಲಿ ಕಾರಣವಿದೆ. ಡೇನಿಯಲ್ ಕಾನೆಮನ್ ಮತ್ತು ಆಮೋಸ್ ಟ್ವರ್ಸ್ಕಿ 1979ರಲ್ಲಿ ತೋರಿಸಿದಂತೆ, ನೂರು ರೂಪಾಯಿ ಸಿಕ್ಕ ಖುಷಿಗಿಂತ ನೂರು ರೂಪಾಯಿ ಕಳೆದುಕೊಂಡ ಸಂಕಟ ದೊಡ್ಡದು. 1992ರಲ್ಲಿ ಅವರೇ ಅಳೆದು ಕೊಟ್ಟ ಅಂಕಿ ಸುಮಾರು 2.25. ಇದನ್ನು ಲೂಟಿಗೆ ಹಚ್ಚಿ ನೋಡಿ. ನನ್ನ ಮೂಳೆ ಅವನ ಚೀಲಕ್ಕೆ ಹೋದಾಗ ಲೋಕದಲ್ಲಿ ಮೂಳೆ ಕಡಿಮೆಯಾಗಲಿಲ್ಲ. ಆದರೆ ಅವನಿಗೆ ಒಂದು ಪಾಲು ಸಂತೋಷ, ನನಗೆ ಎರಡೂಕಾಲು ಪಾಲು ಹೊಟ್ಟೆಯುರಿ. ಸಾಮಾನಿನ ಲೆಕ್ಕದಲ್ಲಿ ಸಮ, ಮನಸ್ಸಿನ ಲೆಕ್ಕದಲ್ಲಿ ಪ್ರತಿ ಕೊಲೆಯೂ ನಷ್ಟ. ಆ ನಷ್ಟ ತಿಂಗಳ ಕೊನೆಯಲ್ಲಿ ಚಂದಾ ನಿಲ್ಲಿಸುವವರ ಪಟ್ಟಿಯಲ್ಲಿ ಕಾಣುತ್ತದೆ.

ಹಾಗಾದರೆ ಕೊಂದವನಿಗೆ ಶಿಕ್ಷೆ ಕೊಟ್ಟರಾಯಿತಲ್ಲ? ‘ಈವ್ ಆನ್‌ಲೈನ್’ ಹಾಗೇ ಮಾಡಿತು. ಐಸ್‌ಲ್ಯಾಂಡಿನ ಸಿಸಿಪಿ ಕಂಪನಿ 2003ರಲ್ಲಿ ತಂದ ಈ ಬಾಹ್ಯಾಕಾಶದ ಆಟದಲ್ಲಿ ಪ್ರತಿ ನಕ್ಷತ್ರಕ್ಕೂ 1.0ರಿಂದ ಕೆಳಕ್ಕೆ ಭದ್ರತೆಯ ಅಂಕ. 0.5 ಮತ್ತು ಅದಕ್ಕಿಂತ ಮೇಲಿನ ಕಡೆ ನೀವು ಕಾರಣವಿಲ್ಲದೆ ಗುಂಡು ಹಾರಿಸಿದರೆ ‘ಕಾಂಕಾರ್ಡ್’ ಎಂಬ ಪೊಲೀಸು ಬಂದು ನಿಮ್ಮ ನೌಕೆಯನ್ನು ಪುಡಿಮಾಡುವುದು ಖಂಡಿತ. ಲಂಚ ನಡೆಯದು. ಆದರೆ ಬರಲು ಕೆಲವು ಸೆಕೆಂಡು ಬೇಕು, ಅಂಕ ಇಳಿದಷ್ಟೂ ತಡ. ಆಟಗಾರರು ತಕ್ಷಣ ಕಾಗದ ಪೆನ್ನು ಹಿಡಿದರು. ಅಗ್ಗದ ನೌಕೆ ಹತ್ತಿಪ್ಪತ್ತು ಸೇರಿಸಿದರೆ ಆ ಕೆಲವೇ ಸೆಕೆಂಡಿನಲ್ಲಿ ಸರಕು ಹಡಗೊಂದನ್ನು ಒಡೆಯಬಹುದು. ಒಡೆದ ಹಡಗಿನ ಸರಕಿನಲ್ಲಿ ಸರಾಸರಿ ಅರ್ಧ ಉಳಿಯುತ್ತದೆ, ಅರ್ಧ ಸುಟ್ಟುಹೋಗುತ್ತದೆ. ಸರಕಿನ ಅರ್ಧ ಬೆಲೆ, ತಾವು ಕಳೆದುಕೊಳ್ಳುವ ನೌಕೆಗಳ ಬೆಲೆಗಿಂತ ಹೆಚ್ಚೇ? ಹೌದಾದರೆ ಹೊಡಿ. ಇದಕ್ಕೆ ‘ಸುಯಿಸೈಡ್ ಗ್ಯಾಂಕ್’ ಎನ್ನುತ್ತಾರೆ. ತಮಾಷೆ ಎಂದರೆ, ಪೊಲೀಸರು ಒಡೆದ ನೌಕೆಗೆ ವಿಮೆಯ ಹಣವೂ ಬರುತ್ತಿತ್ತು! ಅದನ್ನು ನಿಲ್ಲಿಸಿದ್ದು 2011ರಲ್ಲಿ. ಆಮೇಲೂ ಗ್ಯಾಂಕ್ ನಿಲ್ಲಲಿಲ್ಲ, ಎಷ್ಟು ಸರಕಿದ್ದರೆ ಹೊಡೆಯಬಹುದು ಎಂಬ ಮಿತಿ ಮೇಲಕ್ಕೆ ಹೋಯಿತು ಅಷ್ಟೆ.

ಇಸ್ರೇಲಿನ ಹೈಫಾದ ಶಿಶುವಿಹಾರಗಳಲ್ಲಿ ಯೂರಿ ಗ್ನೀಜಿ, ಆಲ್ಡೊ ರಸ್ಟಿಚೀನಿ ಎಂಬ ಅರ್ಥಶಾಸ್ತ್ರಜ್ಞರು ನಡೆಸಿದ ಪ್ರಯೋಗ ನೆನಪಾಗುತ್ತದೆ. ಅದರ ವರದಿ ಬಂದದ್ದು 2000ರಲ್ಲಿ. ಮಕ್ಕಳನ್ನು ಕರೆದುಕೊಂಡು ಹೋಗಲು ತಡವಾಗಿ ಬರುವ ಅಪ್ಪ ಅಮ್ಮಂದಿರಿಗೆ ದಂಡ ಹಾಕಿದರು. ತಡವಾಗಿ ಬರುವವರು ಕಡಿಮೆಯಾಗುವ ಬದಲು ಹೆಚ್ಚಾದರು. ಮೊದಲು ಟೀಚರ್ ಮುಖ ನೋಡಲು ನಾಚಿಕೆ ಇತ್ತು, ಈಗ ದುಡ್ಡು ಕೊಟ್ಟಾಯಿತಲ್ಲ. ದಂಡ ದರವಾಗಿತ್ತು. ಕಾಂಕಾರ್ಡ್ ಕೂಡ ಹಾಗೆಯೇ, ಕೊಲೆಯನ್ನು ತಡೆಯುವುದಿಲ್ಲ, ಅದಕ್ಕೆ ರಸೀದಿ ಕೊಡುತ್ತದೆ. ಆದರೆ ಈವ್‌ನವರು ಇದನ್ನು ಸೋಲು ಎಂದುಕೊಳ್ಳುವುದಿಲ್ಲ, ನಾನೂ ಒಪ್ಪುತ್ತೇನೆ. ಎಷ್ಟು ಹೇರಿಕೊಂಡರೆ ಅಪಾಯ ಎಂದು ಸರಕು ಸಾಗಿಸುವವನೂ ಲೆಕ್ಕ ಹಾಕಬಹುದು. ಇಲಿಗೂ ಗಣಿತ ಬರುವ ಆಟ ಅದು.

ಇತರ ಆಟಗಾರರ ಅಪಾಯವನ್ನು ಪೂರ್ತಿ ತೆಗೆದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ನನ್ನ ರೂನ್‌ಸ್ಕೇಪೇ. ನಿಜವಾದ ದುಡ್ಡಿಗೆ ಆಟದ ಚಿನ್ನ ಮಾರುವವರು ಗಿರಾಕಿಯ ಕೈಯಲ್ಲಿ ಬೇಕೆಂದೇ ಸತ್ತು ಮಾಲು ದಾಟಿಸಬಹುದಿತ್ತು. ಅಂಥವರ ಹಾವಳಿ ತಡೆಯಲು 2007ರ ಡಿಸೆಂಬರ್ 10ರಂದು ವೈಲ್ಡರ್‌ನೆಸ್‌ನ ಕೊಲೆಗಳನ್ನೂ 2008ರ ಜನವರಿಯಲ್ಲಿ ಮುಕ್ತ ವ್ಯಾಪಾರವನ್ನೂ ನಿಲ್ಲಿಸಿದರು. ಇನ್ನು ಆರಾಮ ಎಂದುಕೊಂಡವರಲ್ಲಿ ನಾನೂ ಒಬ್ಬ. ಎರಡೇ ವಾರದಲ್ಲಿ ಡ್ರ್ಯಾಗನ್ ಕೊಲ್ಲುವುದು ಹೊಲ ಕೊಯ್ದ ಹಾಗಾಯಿತು. 2010ರ ಡಿಸೆಂಬರ್ ಕೊನೆಯಿಂದ 2011ರ ಜನವರಿಯವರೆಗೆ ಮತದಾನ ನಡೆಸಿ ಕೇಳಿದಾಗ ಹತ್ತು ಲಕ್ಷಕ್ಕೂ ಹೆಚ್ಚು ಮತ ಬಿದ್ದವು, ಹತ್ತರಲ್ಲಿ ಒಂಬತ್ತು ಹಳೆಯ ಅಪಾಯವೇ ಬೇಕು ಎಂದವು. ಫೆಬ್ರವರಿ 1ಕ್ಕೆ ವೈಲ್ಡರ್‌ನೆಸ್ ವಾಪಸಾಯಿತು.

ಮಿದುಳು ಬಲ್ಲವರಿಗೆ ಇದು ಆಶ್ಚರ್ಯವಲ್ಲ. 2003ರಲ್ಲಿ ಫಿಯೊರಿಲ್ಲೊ, ಟೋಬ್ಲರ್, ಶುಲ್ಟ್ಸ್ ಮಂಗಗಳ ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಸೂಸುವ ನರಕೋಶಗಳನ್ನು ಆಲಿಸಿದರು. ಗುರುತು ತೋರಿಸಿ, ಎರಡು ಸೆಕೆಂಡು ಕಾಯಿಸಿ, ರಸದ ಗುಟುಕು ಕೊಡುವುದು. ಸಿಗುವುದು ಖಚಿತವಾಗಿದ್ದಾಗ ಆ ಕಾಯುವ ಹೊತ್ತಿನಲ್ಲಿ ಕೋಶಗಳು ತೆಪ್ಪಗಿದ್ದವು, ಸಿಗದೆಂದು ಖಚಿತವಾಗಿದ್ದಾಗಲೂ ಅಷ್ಟೆ. ಸಾಧ್ಯತೆ ಸರಿಯಾಗಿ ಅರ್ಧಕ್ಕರ್ಧ ಇದ್ದಾಗ ಅವುಗಳ ಮಿಡಿತ ಏರುತ್ತಾ ಹೋಗಿ ಗರಿಷ್ಠ ಮುಟ್ಟಿತು. ಮಂಗನಿಂದ ಗೇಮರ್‌ವರೆಗೆ ನೇರ ಗೆರೆ ಎಳೆಯುವುದು ಅವಸರವಾದೀತು. ಆದರೂ ಗೆಲುವು ಸೋಲು ಐವತ್ತೈವತ್ತರ ಹತ್ತಿರ ಇರುವ ಕಾಳಗವೇ ರುಚಿಸುತ್ತದೆ ಎಂಬುದನ್ನು ಆಡಿದವರೆಲ್ಲ ಬಲ್ಲರು. ವೈಲ್ಡರ್‌ನೆಸ್‌ನ ಅಂಚಿನಲ್ಲಿ ನಿಮ್ಮ ಆಸುಪಾಸಿನ ಲೆವೆಲ್‌ನವರಷ್ಟೇ ನಿಮ್ಮ ಮೇಲೆ ಬೀಳಬಹುದು, ಒಳಕ್ಕೆ ಹೋದಷ್ಟೂ ಅಂತರ ಹಿಗ್ಗುತ್ತದೆ. ಯಾರು ಯೋಚಿಸಿದರೋ, ಮೈಲಿಗಲ್ಲು ನೆಟ್ಟ ಹಾಗೆ ಭಯವನ್ನು ಅಳೆದು ನೆಟ್ಟಿದ್ದಾರೆ.

‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ 2018ರಲ್ಲಿ ಹಿಡಿದದ್ದು ಬೇರೆ ದಾರಿ. ‘ವಾರ್ ಮೋಡ್’ ಎಂಬ ಸ್ವಿಚ್ ಹಾಕಿಕೊಂಡವರ ಮೇಲೆ ಮಾತ್ರ ದಾಳಿ, ಹಾಕಿಕೊಂಡದ್ದಕ್ಕೆ ಶೇ. 10 ಹೆಚ್ಚುವರಿ ಗಳಿಕೆ. ಆದರೆ ಆಟದ ಎರಡು ಪಕ್ಷಗಳಲ್ಲಿ ಒಂದಾದ ಅಲಯನ್ಸ್‌ನಲ್ಲಿ ಸ್ವಿಚ್ ಹಾಕಿಕೊಂಡವರು ಕಡಿಮೆ. ಅವರಿಗೆ ಶೇ. 30ರವರೆಗೆ ಏರಿಸಬೇಕಾಯಿತು. ತರಕಾರಿ ಮಾರುಕಟ್ಟೆಯಲ್ಲಿ ದರ ಏರಿಸಿದ ಹಾಗೆ ಭಯಕ್ಕೂ ದರ ಏರಿಸಿದರು.

ಲಾಕ್‌ಡೌನ್ ದಿನಗಳಲ್ಲಿ ಮೊಬೈಲಿನಲ್ಲಿ ಹಳೆಯ ರೂನ್‌ಸ್ಕೇಪ್ ಹಾಕಿಕೊಂಡು ಮತ್ತೆ ಡ್ರ್ಯಾಗನ್ ಬೇಟೆಗೆ ಹೋದೆ. ಈ ಸಲ ಜಾಣನಾಗಿದ್ದೆ: ಬೆಲೆಬಾಳುವ ವಸ್ತು ಮೂರೇ ಮೂರು, ಜೊತೆಗೆ ನಾಲ್ಕನೆಯದೊಂದನ್ನು ಕಾಪಾಡುವ ‘ಪ್ರಾರ್ಥನೆ’ ಎಂಬ ಆಟದೊಳಗಿನ ಶಕ್ತಿ. ಸತ್ತರೂ ಹೋಗುವುದು ಬರೀ ಮೂಳೆ. ನನ್ನಂಥ ಲೆಕ್ಕಾಚಾರದವರು ಹೆಚ್ಚಿದಂತೆ ಬೇಟೆಗಾರರೂ ಕಲಿತಿದ್ದರು. ನನ್ನ ಮೇಲೆ ಬಿದ್ದವನು ‘ಸ್ಮೈಟ್’ ಎಂಬ ಪ್ರಾರ್ಥನೆ ಹಾಕಿಕೊಂಡಿದ್ದ. ಅವನ ಪ್ರತಿ ಪೆಟ್ಟಿಗೂ ಎದುರಾಳಿಯ ಪ್ರಾರ್ಥನೆಯ ಬಲ ಸೋರಿಹೋಗುತ್ತದೆ. ನಾನು ಬೀಳುವ ಒಂದು ಕ್ಷಣ ಮೊದಲು ಅದು ಸೊನ್ನೆಗೆ ಬಂತು, ನಾಲ್ಕನೆಯದು ಕೈಬಿಟ್ಟಿತು. ತೆರೆ ಕಪ್ಪಾಗುವ ಮುನ್ನ ಕಂಡದ್ದು ಇಷ್ಟು: ಅವನು ಬಗ್ಗಿ ನನ್ನ ಮೂಳೆ ಎತ್ತುತ್ತಿದ್ದ, ಅವನ ಬುರುಡೆಯ ಇಪ್ಪತ್ತು ನಿಮಿಷ ಆಗಷ್ಟೇ ಶುರುವಾಗಿತ್ತು, ಪಶ್ಚಿಮದ ಕಡೆಯಿಂದ ಇನ್ನಿಬ್ಬರು ಓಡಿ ಬರುತ್ತಿದ್ದರು.