ಬಂಕಿನಲ್ಲೂ ಆಫ್ ಆಗದ ಡೀಸೆಲ್ ಗಾಡಿ: ಈ ಅಭ್ಯಾಸ ಬಂದಿದ್ದು ಎಲ್ಲಿಂದ?

ಬೆಂಗಳೂರಿನ ಯಾವ ಬಂಕಿಗೆ ಹೋದರೂ ಬೋರ್ಡ್ ಇರುತ್ತದೆ: ಇಂಜಿನ್ ಆಫ್ ಮಾಡಿ. ಸ್ಕೂಟರಿನವರು ಮಾಡುತ್ತಾರೆ. ಸೀಟು ಎತ್ತಲು ಕೀ ಬೇಕಲ್ಲ, ಬೇರೆ ದಾರಿಯೂ ಇಲ್ಲ. ಕಾರಿನವರೂ ಬಹುತೇಕ ಮಾಡುತ್ತಾರೆ. ಆದರೆ ಯಶವಂತಪುರದ ಯಾರ್ಡಿನಿಂದ ಈರುಳ್ಳಿ ತುಂಬಿಕೊಂಡು ಬಂದ ಪಿಕಪ್ ಮಾತ್ರ ಗಡಗಡ ಅನ್ನುತ್ತಲೇ ನಿಂತಿರುತ್ತದೆ. ಬಂಕಿನ ಹುಡುಗ "ಆಫ್ ಮಾಡಿ ಅಣ್ಣ" ಅಂದರೆ, "ಡೀಸೆಲ್ ಅಲ್ವಾ, ಏನೂ ಆಗಲ್ಲ, ಹಾಕು" ಎಂಬ ಉತ್ತರ ಬರುತ್ತದೆ.

ಹಿಂದೆ ಕಾಯುತ್ತಿರುವವರಿಗೆ ಇದು ಬರೀ ಉಡಾಫೆ ಅನ್ನಿಸುತ್ತದೆ. ಡ್ರೈವರ್‌ಗಳನ್ನು ಕೇಳಿದರೆ ಒಬ್ಬೊಬ್ಬರದು ಒಂದೊಂದು ಕಾರಣ. ಬ್ಯಾಟರಿ ಅನ್ನುತ್ತಾರೆ, ಟರ್ಬೊ ಅನ್ನುತ್ತಾರೆ, ಏರ್ ಎಳೆಯುತ್ತದೆ ಅನ್ನುತ್ತಾರೆ. ಎಲ್ಲವೂ ಒಂದಲ್ಲ ಒಂದು ಕಾಲಕ್ಕೆ ನಿಜವಾಗಿದ್ದವೇ. ಯಾವುದು ಯಾವ ಕಾಲದ್ದು ಅನ್ನುವುದು ಮಾತ್ರ ಕಲಸಿಹೋಗಿದೆ.

ಮೊದಲು "ಏನೂ ಆಗಲ್ಲ" ಅನ್ನುವ ಮಾತನ್ನೇ ನೋಡೋಣ. ಪೆಟ್ರೋಲ್ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಡೀಸೆಲ್ ಹಾಗಲ್ಲ. ಅದು ಸಾಕಷ್ಟು ಬಿಸಿಯಾದ ಮೇಲೆಯೇ ಅಂಥ ಆವಿ ಬರುವುದು. ನಮ್ಮ ಕಾನೂನೂ ಎರಡನ್ನೂ ಬೇರೆ ಬೇರೆ ವರ್ಗದಲ್ಲಿಟ್ಟಿದೆ: ಪೆಟ್ರೋಲ್ 'ಎ', ಡೀಸೆಲ್ 'ಬಿ'. ಹಾಗಾಗಿ ಡ್ರೈವರ್ ಹೇಳುವುದು ಸುಮ್ನೆ ತಳ್ಳಿಹಾಕುವ ಮಾತಲ್ಲ.

ಆದರೆ ಭಾರತದ ಡೀಸೆಲ್ ಮಾನದಂಡದಲ್ಲಿ ಆವಿ ಹೊತ್ತಿಕೊಳ್ಳುವ ಉಷ್ಣತೆಗೆ ಇಟ್ಟಿರುವ ಕನಿಷ್ಠ ಮಿತಿ 35 ಡಿಗ್ರಿ ಸೆಲ್ಸಿಯಸ್. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ತಾಪಮಾನವೇ 39.2 ಡಿಗ್ರಿ ಮುಟ್ಟಿತ್ತು. ಬಂಕಿಗೆ ಬರುವ ಡೀಸೆಲ್ ಸಾಮಾನ್ಯವಾಗಿ ಆ ಮಿತಿಗಿಂತ ಮೇಲೆಯೇ ಇರುತ್ತದೆ, ನಿಜ. ಆದರೂ ಈಗಿನ ಕಾಮನ್ ರೈಲ್ ಇಂಜಿನ್‌ಗಳು (ಡೀಸೆಲನ್ನು ಒಂದೇ ಕೊಳವೆಯಲ್ಲಿ ಭಾರೀ ಒತ್ತಡದಲ್ಲಿಟ್ಟು ಚಿಮ್ಮಿಸುವಂಥವು) ಉಳಿದ ಡೀಸೆಲನ್ನು ಬಿಸಿ ಮಾಡಿಯೇ ಟ್ಯಾಂಕಿಗೆ ವಾಪಸ್ ಕಳಿಸುತ್ತವೆ. "ಡೀಸೆಲ್ ಹೊತ್ತಿಕೊಳ್ಳೋದೇ ಇಲ್ಲ" ಅನ್ನುವುದು ತಂಪು ದೇಶದ ಪುಸ್ತಕದಲ್ಲಿ ಓದಿದಷ್ಟು ಸುಲಭವಾಗಿ ನಮ್ಮ ಬೇಸಿಗೆಗೆ ಹೊಂದುವುದಿಲ್ಲ. ಇನ್ನೊಂದು ವಿಚಿತ್ರವೂ ಇದೆ. ಕಿಡಿಯೇ ಇಲ್ಲದೆ, ಬರೀ ಬಿಸಿಗೆ ತಾನಾಗಿ ಉರಿದುಕೊಳ್ಳುವುದರಲ್ಲಿ ಪೆಟ್ರೋಲಿಗಿಂತ ಡೀಸೆಲೇ ಮುಂದು. ಕಾದ ಸೈಲೆನ್ಸರ್ ಪೈಪಿನ ಮೇಲೆ ಚೆಲ್ಲಿದ ಡೀಸೆಲ್ ಲೆಕ್ಕಕ್ಕಿಲ್ಲ ಅಂತ ಯಾರೂ ಹೇಳಬಾರದು.

ನಿಜವಾದ ಅಪಾಯ ಇರುವುದು ಪಕ್ಕದಲ್ಲಿ. ಅಮೆರಿಕದ ಹೆದ್ದಾರಿಗಳ ದೊಡ್ಡ ಟ್ರಕ್ ನಿಲ್ದಾಣಗಳಲ್ಲಿ ಲಾರಿಗಳ ಡೀಸೆಲ್ ಪಂಪುಗಳೇ ದೂರದಲ್ಲಿ, ಬೇರೆ ಸಾಲಿನಲ್ಲಿ ಇರುತ್ತವೆ. ನಮ್ಮಲ್ಲಿ ಬಹಳ ಕಡೆ ಒಂದೇ ಮೆಷಿನ್ನಿಗೆ ಎರಡೂ ಪೈಪು. ಪಿಕಪ್‌ನ ಪಕ್ಕದಲ್ಲೇ ಮೂರು ಸ್ಕೂಟರ್ ಮುಚ್ಚಳ ತೆಗೆದು ನಿಂತಿರುತ್ತವೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲಕ್ಕಿಳಿದು ಹರಿಯುತ್ತದೆ. ಓಡುತ್ತಿರುವ ಇಂಜಿನ್ನಿಗೆ ಬಿಸಿ ಪೈಪಿದೆ, ಹಳೇ ವೈರಿಂಗ್ ಇದೆ. ಆವಿ ಜಾಸ್ತಿಯಿದ್ದು ಅದನ್ನು ಡೀಸೆಲ್ ಇಂಜಿನ್ ಗಾಳಿಯ ಜೊತೆ ಎಳೆದುಕೊಂಡರೆ ಹಿಡಿತಕ್ಕೆ ಸಿಗದೆ ರೇಸ್ ಆಗಿಬಿಡುವುದೂ ಉಂಟು. ತೈಲ ಬಾವಿಗಳ ಹತ್ತಿರ ಕೆಲಸ ಮಾಡುವವರಿಗೆ ಇದು ಗೊತ್ತಿರುವ ಅಪಾಯ. ಬೋರ್ಡಿನಲ್ಲಿ ಇಷ್ಟೆಲ್ಲ ಬರೆಯಲು ಜಾಗವಿಲ್ಲ, ಹೇಳುವವರೂ ಇಲ್ಲ. ಕಾರಣ ಹೇಳದ ನಿಯಮಕ್ಕೆ ಡ್ರೈವರ್ ತನಗೆ ಗೊತ್ತಿರುವ ಕಾರಣದಿಂದಲೇ ಉತ್ತರ ಕೊಡುತ್ತಾನೆ.

ಆ ಕಾರಣಕ್ಕೆ ಬರೋಣ. ರುಡಾಲ್ಫ್ ಡೀಸೆಲ್ 1892ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ, 1897ರಲ್ಲಿ ಇಂಜಿನ್ ಓಡಿಸಿ ತೋರಿಸಿದ ದಿನದಿಂದ ಇದರ ಸ್ವಭಾವ ಒಂದೇ: ಸ್ಪಾರ್ಕ್ ಪ್ಲಗ್ ಇಲ್ಲ, ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿ ಅದರೊಳಗೆ ಎಣ್ಣೆ ಚಿಮ್ಮಿಸುವುದು. ಒತ್ತುವ ಪ್ರಮಾಣ ಪೆಟ್ರೋಲ್ ಇಂಜಿನ್ನಿನ ಹೆಚ್ಚುಕಡಿಮೆ ಎರಡರಷ್ಟು. ಹಾಗಾಗಿ ಇದನ್ನು ತಿರುಗಿಸಿ ಎಬ್ಬಿಸಲು ದೊಡ್ಡ ಸೆಲ್ಫ್ ಮೋಟಾರ್ ಬೇಕು, ಗಟ್ಟಿ ಬ್ಯಾಟರಿ ಬೇಕು. ಒಮ್ಮೆ ಎದ್ದಿತೋ, ಹಳೇ ಇಂಜಿನ್ನಿಗೆ ಬ್ಯಾಟರಿಯ ಹಂಗೇ ಇರಲಿಲ್ಲ.

ಈ ಕಥೆಯ ಒಂದು ಮುಖ್ಯ ಭಾಗ ಬೆಂಗಳೂರಿನಲ್ಲೇ ನಡೆದಿದೆ. 1951ರಲ್ಲಿ ಶುರುವಾದ ಮೈಕೊ ಕಂಪನಿ ಆಡುಗೋಡಿಯಲ್ಲಿ ಇಂಜಿನ್ನೊಳಗೆ ಡೀಸೆಲ್ ಚಿಮ್ಮಿಸುವ ಪಂಪುಗಳನ್ನೂ ನಾಜಲ್‌ಗಳನ್ನೂ ಮಾಡುತ್ತಿತ್ತು. ದೇಶದ ಲಾರಿ, ಟ್ರ್ಯಾಕ್ಟರ್‌ಗಳಲ್ಲಿ ಅವೇ ಕೂರುತ್ತಿದ್ದವು. 2008ರಲ್ಲಿ ಕಂಪನಿಯ ಹೆಸರು ಬಾಷ್ ಆಯಿತು. ಆದರೆ ಬಿಟಿಎಂ ಹತ್ತಿರದ ಬಡಾವಣೆ ಇವತ್ತಿಗೂ ಮೈಕೊ ಲೇಔಟೇ. ಹಳೇ ಮೆಕ್ಯಾನಿಕ್‌ಗಳ ಬಾಯಲ್ಲಿ ಡೀಸೆಲ್ ಪಂಪಿಗೆ ಈಗಲೂ ಮೈಕೊ ಪಂಪ್ ಅಂತಲೇ ಹೆಸರು.

ಆ ಪಂಪು ಪೂರ್ತಿ ಯಾಂತ್ರಿಕ. ಕರೆಂಟಿನ ಗೊಡವೆ ಇಲ್ಲ. ಅಂದಿನ ಎಷ್ಟೋ ಲಾರಿ, ಟೆಂಪೋಗಳಲ್ಲಿ ಕೀ ತಿರುಗಿಸಿದರೆ ಇಂಜಿನ್ ನಿಲ್ಲುತ್ತಲೇ ಇರಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಒಂದು ಗುಂಡಿ ಇರುತ್ತಿತ್ತು, ಅದನ್ನು ಎಳೆದು ಹಿಡಿದರೆ ಕೇಬಲ್ ಪಂಪಿನ ಬಾಯಿ ಮುಚ್ಚುತ್ತಿತ್ತು. ಕೀ ಕಿತ್ತು ಜೇಬಿಗೆ ಹಾಕಿಕೊಂಡರೂ ಇಂಜಿನ್ ತನ್ನ ಪಾಡಿಗೆ ಓಡುತ್ತಿತ್ತು. ಅಂಥ ಗಾಡಿಯಲ್ಲಿ ಬ್ಯಾಟರಿ ಸತ್ತಿದ್ದರೂ ದಿನವಿಡೀ ದುಡಿಮೆ ಮಾಡಬಹುದಿತ್ತು. ಷರತ್ತು ಒಂದೇ, ನಿಲ್ಲಿಸಬಾರದು.

ಇಲ್ಲೇ ನೋಡಿ ಅಭ್ಯಾಸದ ಬೇರು. ಮೆಟಡೋರ್‌ಗಳ ಕಾಲದಲ್ಲಿ, 1986ರಲ್ಲಿ ಟಾಟಾ 407 ಬಂದ ಮೇಲೂ, ಕಲಾಸಿಪಾಳ್ಯದ ಸುತ್ತ ಬಾಡಿಗೆ ಹೊಡೆಯುತ್ತಿದ್ದ ಗಾಡಿಗಳಿಗೆ ಬ್ಯಾಟರಿ ಕೊನೆಯ ಖರ್ಚು. ಟೈರ್ ಹೋದರೆ ಗಾಡಿ ಓಡಲ್ಲ, ಬ್ರೇಕ್ ಹೋದರೆ ಓಡಿಸಲು ಭಯ. ಬ್ಯಾಟರಿ ಹೋದರೆ? ಇಳಿಜಾರಿನಲ್ಲಿ ನಿಲ್ಲಿಸು, ಸೆಕೆಂಡ್ ಗೇರಿಗೆ ಹಾಕಿ ಕ್ಲಚ್ ಬಿಡು. ಬೆಂಗಳೂರಿನಲ್ಲಿ ಇಳಿಜಾರಿಗೇನು ಬರವೇ! ಜಾಗ ಸಿಗದಿದ್ದರೆ ನಾಲ್ಕು ಜನರನ್ನು ಕರೆದು ತಳ್ಳಿಸು. ಖಾಲಿ ಗಾಡಿಯನ್ನು ತಳ್ಳಬಹುದು. ಲೋಡ್ ಇರುವ ಗಾಡಿಯನ್ನು, ಅದೂ ಬಂಕಿನ ಸಮತಟ್ಟಾದ ಕಾಂಕ್ರೀಟ್ ಮೇಲೆ, ಹಿಂದೆ ಹತ್ತು ಗಾಡಿ ಹಾರ್ನ್ ಹೊಡೆಯುತ್ತಿರುವಾಗ ಯಾರು ತಳ್ಳುತ್ತಾರೆ? ಡ್ರೈವರ್‌ಗೆ ಗಾಡಿ ಕೈಕೊಡಬಾರದ ಜಾಗ ಅಂತ ಒಂದಿದ್ದರೆ ಅದು ಬಂಕು.

ಇದರ ಜೊತೆಗೆ ಏರ್ ಲಾಕ್. ಡೀಸೆಲ್ ಲೈನಿನಲ್ಲಿ ಗಾಳಿ ಸೇರಿದರೆ ಇಂಜಿನ್ ಏಳುವುದಿಲ್ಲ. ಹ್ಯಾಂಡ್ ಪಂಪ್ ಒತ್ತಿ, ನಟ್ಟು ಸಡಿಲಿಸಿ, ನೊರೆ ಹೋಗುವ ತನಕ ಡೀಸೆಲ್ ಚೆಲ್ಲಿ, ಮತ್ತೆ ಬಿಗಿ ಮಾಡಬೇಕು. ಟ್ಯಾಂಕು ತಳ ಕಂಡಾಗ, ಪೈಪಿನ ಜಾಯಿಂಟ್ ಸಡಿಲವಿದ್ದಾಗ ಇದು ಮಾಮೂಲಿ. ನಿಂತ ಇಂಜಿನ್ನಿನಿಂದ ಡೀಸೆಲ್ ಟ್ಯಾಂಕಿಗೆ ಜಾರಿ ಗಾಳಿ ನುಗ್ಗಲೂಬಹುದು, ಓಡುತ್ತಿದ್ದರೆ ಹೇಗೋ ಎಳೆದುಕೊಳ್ಳುತ್ತಿರುತ್ತದೆ. ಟ್ಯಾಂಕು ಖಾಲಿಯಾದಾಗಲೇ ತಾನೇ ಬಂಕಿಗೆ ಬರುವುದು? ಆಫ್ ಮಾಡಲು ಅದಕ್ಕಿಂತ ಕೆಟ್ಟ ಸಮಯ ಇರಲಿಲ್ಲ.

ಅಂದಿನ ಡ್ರೈವರ್‌ಗಳು ಡ್ರೈವಿಂಗ್ ಶಾಲೆಯಲ್ಲಿ ಕಲಿತವರಲ್ಲ. ಕ್ಲೀನರ್ ಆಗಿ ಸೇರಿ, ಚಕ್ರಕ್ಕೆ ಕಲ್ಲು ಕೊಟ್ಟು, ಗ್ಲಾಸ್ ಒರೆಸಿ, ಯಾರ್ಡಿನೊಳಗೆ ಗಾಡಿ ಹಿಂದೆ ಮುಂದೆ ಮಾಡುತ್ತಾ ಕೈ ಕುದುರಿಸಿಕೊಂಡವರು. ಗುರು ಬಂಕಿನಲ್ಲಿ ಆಫ್ ಮಾಡದಿದ್ದರೆ ಶಿಷ್ಯನೂ ಮಾಡುವುದಿಲ್ಲ. ಗುರುವಿನ ಗಾಡಿಯ ಸೆಲ್ಫ್ ಹೋಗಿತ್ತು, ಶಿಷ್ಯನ ಗಾಡಿಯದು ಸರಿಯಾಗಿದೆ ಅನ್ನುವ ವ್ಯತ್ಯಾಸ ಯಾರ ಗಮನಕ್ಕೂ ಬರುವುದಿಲ್ಲ.

ಚಳಿಯ ಕಾರಣ ಹೇಳುವವರೂ ಇದ್ದಾರೆ. ಅದು ನಮ್ಮದಲ್ಲ. ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಡೀಸೆಲ್ ಒಳಗಿನ ಮೇಣ ಗಟ್ಟಿಯಾಗುವಷ್ಟು ಚಳಿ ಬೀಳುತ್ತದೆ. ರಾತ್ರಿ ಇಂಜಿನ್ನನ್ನು ಮನೆಯ ಕರೆಂಟಿಗೆ ಸಿಕ್ಕಿಸಿ ಬೆಚ್ಚಗಿಡುತ್ತಾರೆ. ಅಲ್ಲಿನ ಪಿಕಪ್‌ನವರೂ ತುಂಬಿಸುವಾಗ ಇಂಜಿನ್ ಓಡಿಸುತ್ತಾರೆ, ಅಲ್ಲೂ ಇದೇ ಜಗಳ ಇದೆ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಇಲ್ಲಿ ಓಡಿ ಬಂದ ಇಂಜಿನ್ ಐದು ನಿಮಿಷದಲ್ಲಿ ತಣ್ಣಗಾಗುವುದಿಲ್ಲ.

ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಬಂದ ಮೇಲೆ ಹೊಸ ಕಾರಣವೊಂದು ಸೇರಿತು. ಟರ್ಬೊ ಒಳಗಿನ ಚಕ್ರ ನಿಮಿಷಕ್ಕೆ ಲಕ್ಷದ ಮೇಲೆ ಸುತ್ತು ಹೊಡೆಯುತ್ತದೆ. ಅದರ ಬೇರಿಂಗಿಗೆ ಎಣ್ಣೆ ಕೊಡುವುದು ಓಡುವ ಇಂಜಿನ್. ಜೋರಾಗಿ ಬಂದು ಗಕ್ಕನೆ ಆಫ್ ಮಾಡಿದರೆ ಅಲ್ಲಿ ನಿಂತ ಎಣ್ಣೆ ಸುಟ್ಟು ಕರಿಕಟ್ಟುತ್ತದೆ. ಅದಕ್ಕೇ ನಿಲ್ಲಿಸುವ ಮುಂಚೆ ಸ್ವಲ್ಪ ಹೊತ್ತು ಸುಮ್ಮನೆ ಓಡಲು ಬಿಡಿ ಅಂತ ಕಂಪನಿಗಳೇ ಹೇಳಿದವು. ಸಲಹೆ ಸರಿ. ಆದರೆ ಬಂಕಿನ ಸಾಲಿನಲ್ಲಿ ತೆವಳುತ್ತಾ ಬರುವಾಗಲೇ ಆ ಹೊತ್ತು ಮುಗಿದಿರುತ್ತದೆ. ಪೈಪು ಹಾಕಿದ ಮೇಲೂ ಟರ್ಬೊ ಹೆಸರು ಹೇಳುವುದು ನೆಪ ಅಂತಲೇ ನನ್ನ ಅನಿಸಿಕೆ.

2005ರಲ್ಲಿ ಟಾಟಾ ಏಸ್ ಬಂತು. 702 ಸಿಸಿ, ಎರಡೇ ಸಿಲಿಂಡರ್. ಬೊಲೆರೊ ಪಿಕಪ್, ದೋಸ್ತ್‌ನಂಥ ಚಿಕ್ಕ ಗಾಡಿಗಳೂ ಜೊತೆಯಾದವು. ನಗರದ ಸಾಗಾಟವೇ ಬದಲಾಯಿತು. ಸಾಲ ಮಾಡಿ ಗಾಡಿ ತೆಗೆದುಕೊಂಡು ತಾನೇ ಓಡಿಸುವವರು ಹೆಚ್ಚಿದರು. ಜೊತೆಗೆ ನಾಲ್ಕಾರು ಗಾಡಿ ಇಟ್ಟು ಡ್ರೈವರ್ ಹಾಕಿ ಓಡಿಸುವವರೂ. ಈ ಎರಡನೇ ಬಗೆಯಲ್ಲಿ ಒಂದು ಲೆಕ್ಕವಿದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಡೀಸೆಲ್ ದುಡ್ಡು ಓನರದು. ಬ್ಯಾಟರಿ ಯಾವಾಗ ಬದಲಿಸಬೇಕು ಅನ್ನುವ ನಿರ್ಧಾರವೂ ಅವರದೇ. ಗಾಡಿ ನಿಂತುಹೋಗಿ ಟ್ರಿಪ್ ತಪ್ಪಿದರೆ ಬೈಗುಳ ಮಾತ್ರ ಡ್ರೈವರ್‌ಗೆ. ಚಿಕ್ಕ ಡೀಸೆಲ್ ಇಂಜಿನ್ ಸುಮ್ಮನೆ ನಿಂತು ಓಡಿದರೆ ಗಂಟೆಗೆ ಅರ್ಧ ಲೀಟರ್‌ಗಿಂತ ಸ್ವಲ್ಪ ಹೆಚ್ಚು ಕುಡಿಯುತ್ತದೆ ಅಂದುಕೊಳ್ಳಿ. ಐದು ನಿಮಿಷಕ್ಕೆ ನಾಲ್ಕೈದು ರೂಪಾಯಿ. ಹೊಸ ಬ್ಯಾಟರಿಗೆ ಸಾವಿರಗಟ್ಟಲೆ. ಡ್ರೈವರ್ ಆ ನಾಲ್ಕೈದು ರೂಪಾಯಿಯನ್ನು ಓನರ್ ಜೇಬಿನಿಂದ ಖರ್ಚು ಮಾಡಿ ತನ್ನ ಮರ್ಯಾದೆ ಉಳಿಸಿಕೊಳ್ಳುತ್ತಾನೆ. ಇದನ್ನು ಅವಿವೇಕ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಡೀಸೆಲ್ ಅಗ್ಗವಾಗಿದ್ದಾಗ ಈ ಲೆಕ್ಕ ಇನ್ನೂ ಹಗುರ. 2012ರ ಹೊತ್ತಿಗೆ ಡೀಸೆಲ್ ಬೆಲೆ ಪೆಟ್ರೋಲಿನ ಮುಕ್ಕಾಲು ಭಾಗವೂ ಇರಲಿಲ್ಲ. 2014ರ ಅಕ್ಟೋಬರಿನಲ್ಲಿ ಬೆಲೆ ಮಾರುಕಟ್ಟೆಗೆ ಬಿಟ್ಟರು, 2017ರ ಜೂನ್‌ನಿಂದ ದಿನವೂ ಬದಲಾಗತೊಡಗಿತು. ಓನರ್‌ಗಳು ಮೈಲೇಜ್ ಕೇಳುವುದು ಜೋರಾಯಿತು. ಬಂಕಿನ ಅಭ್ಯಾಸ ಮಾತ್ರ ಹಾಗೇ ಉಳಿಯಿತು. ಐಸ್‌ಕ್ರೀಂ, ಮೀನು ಸಾಗಿಸುವ ತಂಪು ಗಾಡಿಗಳವರ ಮಾತು ಸ್ವಲ್ಪ ಬೇರೆ. ಕೆಲವು ಗಾಡಿಗಳಲ್ಲಿ ಕಂಪ್ರೆಸರ್ ತಿರುಗಿಸುವುದೇ ಇಂಜಿನ್. ಆದರೆ ಬಾಗಿಲು ಮುಚ್ಚಿದ ಪೆಟ್ಟಿಗೆ ಐದು ನಿಮಿಷ ತಡೆದುಕೊಳ್ಳುತ್ತದೆ.

2020ರ ಏಪ್ರಿಲ್ 1ರಿಂದ ಬಿಎಸ್-6 ಎಂಬ ಹೊಗೆ ನಿಯಮ ಬಂದ ಮೇಲೆ ವಿಷಯ ಇನ್ನೊಂದು ತಿರುವು ತೆಗೆದುಕೊಂಡಿದೆ.  ಅನೇಕ ಹೊಸ ಡೀಸೆಲ್ ಗಾಡಿಗಳ ಹೊಗೆ ಪೈಪಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಕೂತಿದೆ. ಇಂಜಿನ್ ಸುಮ್ಮನೆ ನಿಂತು ಓಡಿದಷ್ಟೂ ಹೊಗೆ ತಣ್ಣಗಿರುತ್ತದೆ, ಮಸಿ ಸುಡದೆ ಕೂಡುತ್ತಾ ಹೋಗುತ್ತದೆ. ಹಳೇ ಗಾಡಿಯನ್ನು ಕಾಪಾಡುತ್ತಿದ್ದ ಅಭ್ಯಾಸ ಹೊಸ ಗಾಡಿಯನ್ನು ಕೆಡಿಸುತ್ತದೆ. ತಮಾಷೆ ಅಂದರೆ, ಫಿಲ್ಟರ್ ತುಂಬಿದಾಗ ಗಾಡಿ ತಾನೇ ಅದನ್ನು ಸುಟ್ಟು ಶುಚಿ ಮಾಡಿಕೊಳ್ಳುತ್ತದೆ, ಆಗ ಮಧ್ಯದಲ್ಲಿ ಆಫ್ ಮಾಡಬೇಡಿ ಅನ್ನುವ ಸೂಚನೆಯೂ ಇದೆ. ಆ ಹೊತ್ತಿನಲ್ಲಿ ಒಳಗಿನ ಬಿಸಿ 550 ಡಿಗ್ರಿ ದಾಟಬಹುದು. ಅಂಥ ಗಾಡಿ ಬಂಕಿನೊಳಗೆ ಬರಲೇಬಾರದು. ಫಿಲ್ಟರ್ ದೀಪ ಹತ್ತಿದ್ದರೆ ಮೊದಲು ರಿಂಗ್ ರೋಡಿನಲ್ಲಿ ಒಂದಿಷ್ಟು ದೂರ ಓಡಿಸಿ, ಕೆಲಸ ಮುಗಿದ ಮೇಲೆ ಬಂಕಿಗೆ ತಿರುಗುವುದು ಸರಿಯಾದ ಕ್ರಮ.

ನನಗೆ ಇದಕ್ಕಿಂತ ಜಾಸ್ತಿ ಚಿಂತೆ ಕೊಡುವುದು ಬೇರೆ. ಏಸ್ ಈಗ ಪೆಟ್ರೋಲಿನಲ್ಲೂ ಬರುತ್ತದೆ, ಸಿಎನ್‌ಜಿಯಲ್ಲೂ ಬರುತ್ತದೆ. ಗಾಡಿ ಬದಲಿಸಿದ ಡ್ರೈವರ್ ಅದೇ ಸೀಟು, ಅದೇ ಸ್ಟೇರಿಂಗ್, ಅದೇ ಅಭ್ಯಾಸದೊಂದಿಗೆ ಪೆಟ್ರೋಲ್ ಪಂಪಿನ ಮುಂದೆ ನಿಂತರೆ "ಡೀಸೆಲ್ ಅಲ್ವಾ" ಅನ್ನುವ ಮಾತಿಗೂ ಅರ್ಥವಿಲ್ಲ. ಸಿಎನ್‌ಜಿ ಬಂಕಿನಲ್ಲಿ ಈ ತೊಂದರೆ ಇಲ್ಲ. ಅಲ್ಲಿ ಇಂಜಿನ್ ಆಫ್ ಆಗಿ, ಎಲ್ಲರೂ ಕೆಳಗಿಳಿಯುವ ತನಕ ಹುಡುಗ ಗ್ಯಾಸಿನ ಪೈಪ್ ಮುಟ್ಟುವುದಿಲ್ಲ. ಡ್ರೈವರ್ ಕೂಡ ಚಕಾರ ಎತ್ತದೆ ಇಳಿಯುತ್ತಾನೆ. ಡೀಸೆಲ್ ಪಂಪಿನ ಹತ್ತಿರ ಆ ಹಟ ಕಾಣುವುದಿಲ್ಲ. ಮೀಟರ್ ಸೊನ್ನೆ ನೋಡಿಕೊಳ್ಳಿ ಅಂತ ಹೇಳುವಷ್ಟರಲ್ಲೇ ಹಿಂದಿನವನು ಹಾರ್ನ್ ಹೊಡೆದಿರುತ್ತಾನೆ, ಹುಡುಗ ಪೈಪು ಸಿಕ್ಕಿಸಿಬಿಟ್ಟಿರುತ್ತಾನೆ.