ಹೆಬ್ಬೆಟ್ಟಿನ ಹಿಂದಿರುವ ಮನುಷ್ಯ

"ತಗೊಳ್ತಿಲ್ಲ ಅಜ್ಜಿ, ಸೆರಗಲ್ಲಿ ಒರೆಸಿ ಇನ್ನೊಂದ್ಸಲ ಇಡಿ."

ನಮ್ಮೂರ ನ್ಯಾಯಬೆಲೆ ಅಂಗಡಿ. ಅಜ್ಜಿ ಹೆಬ್ಬೆರಳು ಇಟ್ಟರು, ತೋರುಬೆರಳು ಇಟ್ಟರು, ಎಡಗೈಯೂ ಆಯಿತು. ಹುಣಸೆಹಣ್ಣು ಬಿಡಿಸಿ, ಬೂದಿಯಲ್ಲಿ ಪಾತ್ರೆ ತಿಕ್ಕಿ ಸವೆದ ಬೆರಳುಗಳು. ಗೆರೆಗಳೇ ಉಳಿದಿಲ್ಲ. "ನಾನು ಯಾರೂಂತ ನಿಂಗೆ ಗೊತ್ತಲ್ವೇನಪ್ಪಾ?" ಎಂದರು. ಅಂಗಡಿಯವರಿಗೆ ಚೆನ್ನಾಗಿಯೇ ಗೊತ್ತಿತ್ತು. ಯಾರ ಮಗಳು, ಯಾವ ಊರಿಂದ ಬಂದ ಸೊಸೆ, ಎಲ್ಲವೂ. ಮಷೀನಿಗೆ ಮಾತ್ರ ಗೊತ್ತಿರಲಿಲ್ಲ.

ಈ ಹೆಬ್ಬೆಟ್ಟಿನ ಲೆಕ್ಕ ಶುರುವಾದದ್ದು ಬಂಗಾಳದಲ್ಲಿ. 1858ರಲ್ಲಿ ಜಂಗೀಪುರದ ಬ್ರಿಟಿಷ್ ಅಧಿಕಾರಿ ವಿಲಿಯಂ ಹರ್ಷೆಲ್, ರಾಜ್ಯಧರ್ ಕೋನಾಯ್ ಎಂಬ ಗುತ್ತಿಗೆದಾರನ ಇಡೀ ಅಂಗೈಗೆ ಮಸಿ ಬಳಿದು ಕರಾರುಪತ್ರದ ಹಿಂದೆ ಒತ್ತಿಸಿಕೊಂಡ. ಸಹಿ ನನ್ನದಲ್ಲ ಎಂದು ಆತ ಆಮೇಲೆ ತಕರಾರು ತೆಗೆಯಬಾರದು ಅಂತ. ಅಂದರೆ ಬೇರು ಇದ್ದದ್ದೇ ಅಪನಂಬಿಕೆಯಲ್ಲಿ. 1877ರ ಹೊತ್ತಿಗೆ ಹೂಗ್ಲಿಯಲ್ಲಿ ಪಿಂಚಣಿ, ನೋಂದಣಿ, ಜೈಲು ಎಲ್ಲಕ್ಕೂ ಬೆರಳಚ್ಚು ಬಂತು.

1897ರಲ್ಲಿ ಕಲ್ಕತ್ತಾದಲ್ಲಿ ಬೆರಳಚ್ಚು ಕಚೇರಿ ತೆರೆಯಿತು. ಸಾವಿರಾರು ಅಚ್ಚುಗಳಲ್ಲಿ ಒಂದನ್ನು ಹುಡುಕುವುದು ಹೇಗೆ? ಅಲ್ಲಿನ ಭಾರತೀಯ ಪೊಲೀಸ್ ಅಧಿಕಾರಿಗಳಾದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಲೆಕ್ಕ ಹಾಕಿ, ಅಚ್ಚುಗಳನ್ನು 1024 ಗೂಡುಗಳಲ್ಲಿ ವಿಂಗಡಿಸುವ ದಾರಿ ಕಂಡುಕೊಂಡರು. ಆದರೆ ಪದ್ಧತಿಗೆ ಬಿದ್ದದ್ದು ಮೇಲಧಿಕಾರಿ ಎಡ್ವರ್ಡ್ ಹೆನ್ರಿಯ ಹೆಸರು. ಯಾರು ಯಾರೆಂದು ಪತ್ತೆ ಹಚ್ಚುವ ವಿದ್ಯೆ ಕೊಟ್ಟವರ ಗುರುತೇ ಹೀಗೆ ಮಸುಕಾಯಿತು. ಓದಿದಾಗೆಲ್ಲ ನನಗೆ ಸಂಕಟವಾಗುತ್ತದೆ.

ನಮ್ಮ ಕಡೆ 'ಹೆಬ್ಬೆಟ್ಟು' ಅಂದರೆ ಓದು ಬಾರದವರು ಅಂತಲೇ ಅರ್ಥವಿತ್ತು. ಸಹಿ ಹಾಕಲು ಕಲಿತವರು ಆ ಮಸಿಯಿಂದ ಪಾರಾದೆವು ಅಂದುಕೊಂಡಿದ್ದರು. 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ತೆಂಭ್ಲಿಯಲ್ಲಿ ಮೊದಲ ಆಧಾರ್ ಸಂಖ್ಯೆಗಳನ್ನು ಕೊಟ್ಟರು. ಹತ್ತು ಬೆರಳು, ಎರಡು ಕಣ್ಣು, 12 ಅಂಕಿ. ಓದಿದವರೂ ಮತ್ತೆ ಬೆರಳು ಒತ್ತಿದರು.

ಇದನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಗ ಅವರಿಗೆ 86 ವರ್ಷ. ಅವರ ಕೇಸಿನಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ನನ್ನ ಮೈ, ನನ್ನ ಮನಸ್ಸು, ನನ್ನ ಆಯ್ಕೆ ನನ್ನವು ಅನ್ನುವುದಕ್ಕೆ ಅಷ್ಟು ದೊಡ್ಡ ಆಸರೆ ಸಿಕ್ಕಿತು. ಮರುವರ್ಷ ಆಧಾರ್ ಕಾಯ್ದೆಯೂ ಉಳಿಯಿತು. ಬ್ಯಾಂಕ್ ಖಾತೆಗೆ, ಮೊಬೈಲ್ ಸಿಮ್‌ಗೆ ಕಡ್ಡಾಯವಲ್ಲ ಎಂದಿತು ಕೋರ್ಟು. ಆದರೆ ಸರ್ಕಾರದ ಸವಲತ್ತಿಗೆ ಬೇಕು.

ಹಾಗಾಗಿ ಬೆರಳು ಸವೆಸಿಕೊಂಡವರೇ ಜಾಸ್ತಿ ಬೆರಳಿಡಬೇಕು.

ಅವತ್ತು ಅಜ್ಜಿಗೆ ಅಕ್ಕಿ ಸಿಕ್ಕಿತು, ನನ್ನ ಮೊಬೈಲಿಗೆ ಬಂದ ಓಟಿಪಿಯಿಂದ.